ವಿದ್ಯಾನಗರದ ಸೊಸೈಟಿ ಬಿಲ್ಡಿಂಗು, ಐದು ಸ್ಟಾರು ಮತ್ತ ಮೂರು ಆರ್‌ಆರ್ ನಂಬರು

2024ರ ಏಪ್ರಿಲ್‌ನ್ಯಾಗ ಹುಬ್ಬಳ್ಳಿ ವಿದ್ಯಾನಗರದ ಒಂದು ಕ್ರೆಡಿಟ್ ಸೊಸೈಟಿ ಮ್ಯಾನೇಜರ್ ಸಾಹೇಬ್ರು ಫೋನ್ ಮಾಡಿದ್ರು. ನಮ್ಮ ಬಿಲ್ಡಿಂಗಿಗೆ ಕರೆಂಟಿನ ಲೆಕ್ಕದಾಗ ಐದು ಸ್ಟಾರ್ ಬರ್ತೈತ್ರಿ, ನೀವು ಒಂದ್ ಸಲ ಬಂದು ಕಾಗದ ನೋಡಿ ಹೂಂ ಅಂದ್ರ ವಾರ್ಷಿಕ ಸಭೆಯೊಳಗ ಹೇಳಿ, ಬಾಗಲ ಮುಂದ ಬೋರ್ಡ್ ಹಾಕಸ್ತೀವಿ ಅಂದ್ರು. ನಾ ಬಿಲ್ಡಿಂಗ್‌ಗಳ ಎನರ್ಜಿ ಆಡಿಟ್ ಮಾಡಾಂವ, ಈ ಕೆಲಸದಾಗ ಭಾಳ ಮಂದಿ ಬಿಲ್ ಜಾಸ್ತಿ ಬಂತು ಅಂತ ಕರೀತಾರ, ಸ್ಟಾರ್ ಬಂತು ಅಂತ ಕರದಾವ್ರು ಇವ್ರೇ ಮೊದಲು. ಖುಷಿಲೇ ಹೋದೆ. ಒಂದ್ ತಾಸಿನ ಕೆಲಸ ಅನ್ಕೊಂಡಿದ್ದೆ, ಹದಿನೆಂಟು ತಿಂಗಳ ಹಿಡೀತು. ಹಂಗ್ಯಾಕ ಆತು ಅಂತ ಪೂರ್ತಿ ಬರೀಬೇಕು ಅನ್ನಸ್ತು, ಯಾಕಂದ್ರ ನಮ್ಮ ಕಡೆ ಇಂಥಾ ಬಿಲ್ಡಿಂಗು ಓಣಿಗೊಂದು ಅದಾವು.

ಬಿಲ್ಡಿಂಗ್ ಹೆಂಗೈತಿ ಅಂತ ಮೊದಲ ಹೇಳ್ತೀನಿ. ಕೆಳಗ ಬೇಸ್‌ಮೆಂಟ್, ಅಲ್ಲೆ ಸ್ಕೂಟರ್ ಕಾರ್ ನಿಲ್ಲಸ್ತಾರ. ಅದರ ಮ್ಯಾಲ ಮೂರು ಅಂತಸ್ತು, ಒಂದೊಂದು 320 ಚದರ ಮೀಟರ್. ನೆಲ ಅಂತಸ್ತಿನ್ಯಾಗ ಸೊಸೈಟಿ ಕೌಂಟರ್ ಹಾಲು, ಮೂಲಿಗೆ ಒಂದ್ ಬ್ಯಾಂಕಿನ ಎಟಿಎಂ ಬಾಡಿಗಿ ಐತಿ. ಮೊದಲನೇ ಅಂತಸ್ತಿನ್ಯಾಗ ಮ್ಯಾನೇಜರ್ ಕ್ಯಾಬಿನ್, ಸಭಾ ಹಾಲು, ಸರ್ವರ್ ಖೋಲಿ. ಎರಡನೇ ಅಂತಸ್ತು ಕೋಚಿಂಗ್ ಕ್ಲಾಸಿಗೆ ಬಾಡಿಗಿ. ಮುಖ ಪಶ್ಚಿಮಕ್ಕ, ಮತ್ತ ಆ ಮುಖಕ್ಕ ಪೂರ್ತಿ ಗಾಜು. ಏಪ್ರಿಲ್ ಮಧ್ಯಾಹ್ನ ಎರಡರ ಮ್ಯಾಲ ಆ ಗಾಜಿನ ಹಿಂದ ಕುಂತ ಕ್ಯಾಶಿಯರ್ ಅಕ್ಕಾರು ದಿನಾ ಕುರ್ಚಿ ಸರಿಸ್ಕೋತ ಸರಿಸ್ಕೋತ ಕೌಂಟರಿನ ಇನ್ನೊಂದು ತುದಿಗೆ ಹೋಗ್ತಾರ.

ಮ್ಯಾನೇಜರ್ ಸಾಹೇಬ್ರ ಕಾಗದ ಚೊಕ್ಕ ಇತ್ತು. 2023ರ ಏಪ್ರಿಲ್‌ನಿಂದ 2024ರ ಮಾರ್ಚ್ ತನಕ ಹನ್ನೆರಡೂ ತಿಂಗಳ ಹೆಸ್ಕಾಂ ಬಿಲ್ ಜೋಡಿಸಿ 41,600 ಯುನಿಟ್, ಬಿಲ್ಡಿಂಗ್ 1,280 ಚದರ ಮೀಟರ್, ಭಾಗ ಹಾಕಿದ್ರ 32.5. ಈ ಭಾಗಾಕಾರಕ್ಕ ಇಪಿಐ ಅಂತಾರ, ಒಂದ್ ಚದರ ಮೀಟರಿಗೆ ವರ್ಷಕ್ಕ ಎಷ್ಟು ಯುನಿಟ್ ಸುಟ್ಟಿವಿ ಅನ್ನೂದು. ದಿಲ್ಲಿಯೊಳಗಿರೋ ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿ, ಅಂದ್ರ ಫ್ರಿಜ್ಜಿಗೆ ಎಸಿಗೆ ಸ್ಟಾರ್ ಅಂಟಸೂ ಬಿಇಇ, 2009ರಾಗ ಆಫೀಸ್ ಬಿಲ್ಡಿಂಗಿಗೂ ಸ್ಟಾರ್ ಶುರು ಮಾಡ್ತು. 100 ಕಿಲೋವ್ಯಾಟ್ ಮ್ಯಾಲಿನ ಲೋಡ್ ಇರೋ ಬಿಲ್ಡಿಂಗಿಗಂತ ಅದನ್ನ ಮಾಡಿದ್ದು. ಸೊಸೈಟಿ ಲೋಡು ಅದರ ಅರ್ಧಕ್ಕ ಸ್ವಲ್ಪ ಮ್ಯಾಲ ಅಷ್ಟ, ಹಂಗಾಗಿ ಅಧಿಕೃತವಾಗಿ ಅರ್ಜಿ ಹಾಕೂ ಮಾತು ಇರಲಿಲ್ಲ, ಅಳತಿಗೋಲು ಮಾತ್ರ ಅದನ್ನ ತಗೊಂಡಿದ್ರು. ಅದು ತಪ್ಪಲ್ಲ. ಸಣ್ಣ ಬಿಲ್ಡಿಂಗ್‌ನವ್ರು ತಾವಾಗೇ ತಮ್ಮನ್ನ ಅಳಕೊಂತೀವಿ ಅಂದ್ರ ನಾ ಕೈ ಮುಗೀತೀನಿ.

ಆ ಸ್ಕೀಮಿನ್ಯಾಗ ಎರಡು ಕೋಷ್ಟಕ ಅದಾವು, ಇದನ್ನ ನೆನಪಿಡ್ರಿ, ಮುಂದ ಬೇಕಾಗ್ತೈತಿ. ಬಿಲ್ಡಿಂಗಿನ ಅರ್ಧಕ್ಕಿಂತ ಕಡಿಮಿ ಜಾಗಾಕ್ಕ ಎಸಿ ಇದ್ರ ಒಂದು ಕೋಷ್ಟಕ, ಅರ್ಧಕ್ಕಿಂತ ಹೆಚ್ಚಿಗಿ ಇದ್ರ ಇನ್ನೊಂದು. ಎರಡರಾಗೂ ಹವಾಮಾನದ ಮ್ಯಾಲ ಬ್ಯಾರೆ ಬ್ಯಾರೆ ಗೆರಿ. ಎಸಿ ಕಡಿಮಿ ಇರೋ ಕೋಷ್ಟಕದಾಗ ಐದು ಸ್ಟಾರ್ ಬೇಕಂದ್ರ ಬಿಸಿ-ಒಣ ವಲಯಕ್ಕ 35ರ ಕೆಳಗ, ಮಿಶ್ರ ವಲಯಕ್ಕ 40ರ ಕೆಳಗ, ಬಿಸಿ-ತೇವದ ವಲಯಕ್ಕ 45ರ ಕೆಳಗ ಇರಬೇಕು. 32.5 ಅಂದ್ರ ಮೂರರಾಗೂ ಪಾಸು. ಸಾಹೇಬ್ರು ಆ ಮೂರೂ ಗೆರಿ ಕೆಂಪು ಪೆನ್ನಿಲೇ ಗುರ್ತು ಮಾಡಿ ಇಟ್ಟಿದ್ರು.

ನಾ ಕೇಳಿದ್ದು ಒಂದ ಪ್ರಶ್ನಿ. ಸಾಹೇಬ್ರ, ಈ ಬಿಲ್ಡಿಂಗಿಗೆ ಆರ್‌ಆರ್ ನಂಬರ್ ಎಷ್ಟು ಅದಾವ್ರಿ? ಆರ್‌ಆರ್ ನಂಬರ್ ಅಂದ್ರ ಒಂದೊಂದು ಮೀಟರಿಗೆ ಹೆಸ್ಕಾಂ ಕೊಡೂ ನಂಬರ್. ಅವ್ರು ಒಂದ ಅಂದ್ರು. ಕೆಳಗ ಪ್ಯಾನೆಲ್ ಮುಂದ ಹೋಗಿ ನಿಂತ್ವಿ, ಅಲ್ಲೆ ಮೂರು ಮೀಟರ್ ತಿರಗಾಕ ಹತ್ತಿದ್ವು. ಒಂದು ಸೊಸೈಟಿದು. ಎರಡನೇದು ಕೋಚಿಂಗ್ ಕ್ಲಾಸಿಂದು, ಅದರ ಬಿಲ್ ಅವ್ರೇ ತುಂಬ್ತಾರ, ಹಂಗಾಗಿ ಸಾಹೇಬ್ರ ಫೈಲಿನ್ಯಾಗ ಬಂದೇ ಇಲ್ಲ. ಮೂರನೇದು ಲಿಫ್ಟು, ನೀರಿನ ಪಂಪು, ಮೆಟ್ಲ ಲೈಟಿಂದು, ಅದರ ಬಿಲ್ ಬಿಲ್ಡಿಂಗ್ ನಿರ್ವಹಣೆ ಖಾತೆಯಿಂದ ಹೋಗ್ತೈತಿ, ಅದು ಇನ್ನೊಬ್ಬ ಕ್ಲರ್ಕ್ ನೋಡ್ತಾರ. ಮೂರೂ ಬಿಲ್ ಒಂದ ಟೇಬಲ್ ಮ್ಯಾಲ ಇವತ್ತಿನ ತನಕ ಕುಂತೇ ಇರಲಿಲ್ಲ. ಇದರಾಗ ಯಾರದೂ ಕಪಟ ಇಲ್ಲ, ಖರ್ಚಿನ ತಲೆಬರಹ ಬ್ಯಾರೆ ಬ್ಯಾರೆ ಇದ್ದದ್ದಕ್ಕ ಹಂಗಾಗಿತ್ತು ಅಷ್ಟ. ಆದ್ರ ಸ್ಟಾರಿನ ಲೆಕ್ಕಕ್ಕ ಬಿಲ್ ಯಾರು ತುಂಬ್ತಾರ ಅನ್ನೂದು ಬೇಕಾಗಿಲ್ಲ, ಆ ಗ್ವಾಡಿ ಒಳಗ ಎಷ್ಟು ಖರ್ಚಾತು ಅನ್ನೂದು ಬೇಕು. ಜಾಗಾ ಮೂರೂ ಅಂತಸ್ತಿಂದು ಹಿಡದು ಕರೆಂಟು ಎರಡು ಅಂತಸ್ತಿಂದಷ್ಟ ಹಿಡದ್ರ ಉತ್ತರ ಚಂದ ಬರೂದ ಬರೂದು.

ಇನ್ನ ಎರಡು ಕಡೆ ತಪ್ಪಿತ್ತು. 1,280ರಾಗ ಬೇಸ್‌ಮೆಂಟ್ ಪಾರ್ಕಿಂಗಿಂದು 320 ಸೇರಿತ್ತು, ಅದನ್ನ ಎಣಸಂಗಿಲ್ಲ, ತಗದ್ರ ಉಳಿಯೂದು 960. ಆಮ್ಯಾಲ ಜನರೇಟರ್. ಕರೆಂಟ್ ಹೋದಾಗ ಡೀಸೆಲ್ ಸುಟ್ಟು ಹುಟ್ಟಿಸಿದ ಯುನಿಟ್ಟೂ ಬಿಲ್ಡಿಂಗ್ ತಿಂದಿದ್ದೇ. ಅದಕ್ಕ ಮೀಟರ್ ಇರಲಿಲ್ಲ, ಡೀಸೆಲ್ ಚೀಟಿ ಹುಡಕಿದ್ವಿ, ವರ್ಷಕ್ಕ 600 ಲೀಟರ್ ಸಿಕ್ತು. ಈ ಅಳತಿ ಜನರೇಟರ್ ಲೀಟರಿಗೆ ಸುಮಾರು ಮೂರು ಯುನಿಟ್ ಕೊಡ್ತೈತಿ, 1,800 ಯುನಿಟ್ ಅಂತ ಹಿಡದ್ವಿ.

ಈಗ ಕೂಡಿಸ್ರಿ. ಸೊಸೈಟಿ ಮೀಟರ್ 41,600, ಕೋಚಿಂಗ್ 14,200, ಕಾಮನ್ ಮೀಟರ್ 11,900, ಜನರೇಟರ್ 1,800, ಒಟ್ಟು 69,500. ಭಾಗಿಸು 960. 72.4 ಬಂತು. ಮಿಶ್ರ ವಲಯದ್ದು ಮತ್ತ ಬಿಸಿ-ಒಣ ವಲಯದ್ದು ಕೋಷ್ಟಕ ನೋಡಿದ್ರ ಒಂದು ಸ್ಟಾರ್, ಬಿಸಿ-ತೇವದ ವಲಯದ್ದು ನೋಡಿದ್ರ ಎರಡು. ಸಾಹೇಬ್ರ ಮುಖಾ ನೋಡಾಕ ಆಗಲಿಲ್ಲ ನನಗ. ಅವ್ರು ಭಾಳ ಪ್ರಾಮಾಣಿಕ ಮನಷ್ಯಾ, ಕ್ಯಾಲ್ಕ್ಯುಲೇಟರ್ ತಗೊಂಡು ಇನ್ನೊಮ್ಮೆ ತಾವ ಹಾಕಿದ್ರು, ಅದೇ ಬಂತು.

ಆ ವಾರ ಬೋರ್ಡ್ ಮೀಟಿಂಗ್ ಕರದ್ರು, ನನ್ನೂ ಕರದ್ರು. ಡೈರೆಕ್ಟರೊಬ್ರು ಕೋಷ್ಟಕಾನ ಭಾಳ ಲಕ್ಷ್ಯ ಕೊಟ್ಟು ಓದಿದ್ರು, ಓದಿ ಕೇಳಿದ ಪ್ರಶ್ನಿ ನನಗ ಇವತ್ತಿಗೂ ಮರೀವಲ್ದು. ಇಂಜಿನಿಯರ್ ಸಾಹೇಬ್ರ, ನಮ್ಮಲ್ಲೆ ಎಸಿ ಇರೋ ಜಾಗಾ ಎಷ್ಟು? 440 ಚದರ ಮೀಟರ್ ಅಂದೆ, ಅಂದ್ರ ಸುಮಾರು 46 ಪರ್ಸೆಂಟ್. ಹಂಗಾರ ಕೋಚಿಂಗ್‌ನವ್ರಿಗೆ ಹೇಳಿ ಇನ್ನೊಂದು ಕ್ಲಾಸಿಗೆ ಎಸಿ ಹಾಕಿಸಿದ್ರ 50 ದಾಟ್ತೈತಲ್ರಿ, ಆಗ ನಾವು ಇನ್ನೊಂದು ಕೋಷ್ಟಕಕ್ಕ ಹೋಗ್ತೀವಿ, ಅಲ್ಲೆ ಐದು ಸ್ಟಾರಿಗೆ ಗೆರಿ ಬಿಸಿ-ಒಣ ವಲಯಕ್ಕ 80, ಮಿಶ್ರಕ್ಕ 90, ಬಿಸಿ-ತೇವಕ್ಕ 100 ಐತಿ, ನಮ್ದು 72, ಎಸಿ ಹಾಕಿದ ಮ್ಯಾಲ 75 ಆದೀತು, ಆದ್ರೂ ಐದು ಸ್ಟಾರ್ ಬಂತಲ್ಲ?

ಅವ್ರು ಹೇಳಿದ್ದು ಲೆಕ್ಕದಾಗ ಖರೇ ಇತ್ತು. ಹೆಚ್ಚು ಕರೆಂಟ್ ಸುಟ್ಟು ಹೆಚ್ಚು ಸ್ಟಾರ್ ತಗೋಬಹುದು, ಕೋಷ್ಟಕದ ಗೆರಿ ಆ ಜಾಗಾದಾಗ ಹಂಗ ಬಿದ್ದೈತಿ. ಆ ಎರಡು ಕೋಷ್ಟಕ ಯಾಕ ಮಾಡ್ಯಾರ ಅಂದ್ರ, ಪೂರ್ತಿ ಎಸಿ ಇರೋ ಐಟಿ ಆಫೀಸನ್ನ ಫ್ಯಾನಿನ ಕೆಳಗ ನಡಿಯೂ ಸರಕಾರಿ ಆಫೀಸಿನ ಜೋಡಿ ಹೋಲಿಸಿದ್ರ ಅನ್ಯಾಯ ಆಗ್ತೈತಿ ಅಂತ. ಕಾಲ್ ಸೆಂಟರ್ ಥರಾ ಹಗಲು ರಾತ್ರಿ ನಡಿಯೂ ಬಿಲ್ಡಿಂಗಿಗೆ ಅದೇ ಸ್ಕೀಮಿನ್ಯಾಗ ತಾಸಿನ ಲೆಕ್ಕದಿಂದಾನೂ ಭಾಗಿಸ್ತಾರ, ಅದೂ ಅದೇ ನ್ಯಾಯಕ್ಕ. ಆದ್ರ ನಮ್ಮಂಗ 46ರ ಮ್ಯಾಲ ನಿಂತ ಬಿಲ್ಡಿಂಗಿಗೆ ಆ ಗೆರಿ ಒಂದ್ ಬಾಗಲಾ ಆಗ್ತೈತಿ. ನಾ ಬ್ಯಾಡ್ರಿ ಅಂದೆ. ಬ್ಯಾಡ ಅನ್ನಾಕ ಕಾಗದದ ಮ್ಯಾಲ ತೋರಸೂ ನಿಯಮ ನನ್ನ ಹತ್ರ ಇರಲಿಲ್ಲ, ಆದ್ರ ಗಾಳಿ ಬರೂ ಖೋಲಿಗೆ ಬರೀ ಬೋರ್ಡ್ ಸಲುವಾಗಿ ಎಸಿ ಹಾಕೂದು ನನಗ ಮನಸ್ಸಿಗೆ ಒಗ್ಗಲಿಲ್ಲ, ಅದನ್ನ ಹಂಗ ಹೇಳಿದೆ.

ಅಧ್ಯಕ್ಷರು ಎಪ್ಪತ್ತು ದಾಟಿದ ಹಿರಿಯರು, ಗದಗ ಕಡೆಯವ್ರು. ಅಲ್ಲೀತನಕ ಸುಮ್ನ ಕುಂತಿದ್ರು. ತಮ್ಮಾ, 1905ರಾಗ ಕಣಗಿನಹಾಳದಾಗ ಸಹಕಾರಿ ಸಂಘ ಕಟ್ಟಿದಾಗ ಮಂದಿ ರೊಕ್ಕಾ ತಂದು ಇಟ್ಟಿದ್ದು ಲೆಕ್ಕದ ಪುಸ್ತಕ ನಂಬಿ, ನಮ್ಮದೂ ಪ್ರತಿ ವರ್ಷ ಆಡಿಟ್ ಆಗ್ತೈತಿ, ಬಾಗಲ ಮುಂದ ಹಾಕೂ ಬೋರ್ಡೂ ಲೆಕ್ಕಾನ ಅಲ್ಲೇನು ಅಂದ್ರು. ಆಮ್ಯಾಲ ಮ್ಯಾನೇಜರ್ ಕಡೆ ತಿರುಗಿ, ಬೋರ್ಡ್ ಈ ವರ್ಷ ಬ್ಯಾಡ, ಈ 72 ಎಲ್ಲೆ ಹೊಂಟೈತಿ ಅಂತ ಮೊದಲ ಹುಡಕ್ರಿ ಅಂತ ಹೇಳಿ ಮೀಟಿಂಗ್ ಮುಗಿಸಿದ್ರು.

ಹುಡುಕೂ ಕೆಲಸಕ್ಕ ನಾ ಮಷೀನ್ ತರಲಿಲ್ಲ. ವಾಚ್‌ಮನ್ ಕಾಕಾ ಕೈಯಾಗ ಒಂದ್ ನೋಟ್‌ಬುಕ್ ಕೊಟ್ಟು, ಕಾಕಾ, ರಾತ್ರಿ ಒಂಬತ್ತಕ್ಕ ಶಟರ್ ಇಳಿಸಿದ ಮ್ಯಾಲ ಮೂರೂ ಮೀಟರ್ ರೀಡಿಂಗ್ ಬರೀರಿ, ಮುಂಜಾನೆ ಆರಕ್ಕ ಕೋಚಿಂಗ್ ಹುಡುಗರು ಬರೂಕ್ಕಿಂತ ಮುಂಚೆ ಇನ್ನೊಮ್ಮೆ ಬರೀರಿ, ಒಂದ್ ವಾರ ಸಾಕು ಅಂದೆ. ಕಾಕಾ ಏಳು ದಿನ ಅಲ್ಲ, ಇಪ್ಪತ್ತು ದಿನ ಬರದ್ರು, ಮಳಿ ಬಂದ ದಿನಾನೂ ಗುರ್ತು ಮಾಡಿದ್ರು, ಜನರೇಟರ್ ಎಷ್ಟು ಹೊತ್ತು ಓಡ್ತು ಅನ್ನೂದೂ ಇತ್ತು. ನನ್ನ ಕೆಲಸದಾಗ ಅಷ್ಟು ಒಳ್ಳೆ ಡೇಟಾ ಭಾಳ ಕಮ್ಮಿ ಸಲ ಸಿಕ್ಕೈತಿ.

ಆ ನೋಟ್‌ಬುಕ್ ಪ್ರಕಾರ, ಒಬ್ಬ ಮನಷ್ಯಾನೂ ಇಲ್ಲದ ಬಿಲ್ಡಿಂಗು ಒಂಬತ್ತು ತಾಸಿನ ರಾತ್ರಿಯೊಳಗ ಸರಾಸರಿ 22 ಯುನಿಟ್ ಉಣ್ತಿತ್ತು. ವರ್ಷಕ್ಕ 8,000 ಯುನಿಟ್ ಬರೀ ಕತ್ತಲಾಗ. ಸೊಸೈಟಿ ಮೀಟರ್ ಮ್ಯಾಲ 11, ಕೋಚಿಂಗ್ ಮೀಟರ್ ಮ್ಯಾಲ 2, ಇವು ತಿಳೀತಾವು. ಕಾಮನ್ ಮೀಟರ್ ಮ್ಯಾಲ 9 ಯಾಕ? ಲಿಫ್ಟ್ ನಿಂತೈತಿ, ಪಂಪ್ ಬಂದ್ ಐತಿ, ಮೆಟ್ಲದಾಗ ಎರಡು ಬಲ್ಬು. ವಾಯರಿನ ಮ್ಯಾಲಿಂದಾನ ಕರೆಂಟ್ ಅಳಿಯೂ ಕ್ಲ್ಯಾಂಪ್ ಮೀಟರ್ ಹಾಕಿ ಒಂದೊಂದ ಎಂಸಿಬಿ, ಅಂದ್ರ ಒಂದೊಂದು ಲೈನ್ ಬಂದ್ ಮಾಡೂ ಸ್ವಿಚ್ಚು, ಇಳಿಸ್ಕೋತ ಹೋದ್ವಿ, ನಾಕನೇದು ಇಳಿಸಿದ ಕೂಡ್ಲೇ ಹೊರಗ ಎಟಿಎಂ ಖೋಲಿ ಎಸಿ ನಿಂತ್ವು. ಆ ಎರಡು ಎಸಿನ್ನ ಬಿಲ್ಡಿಂಗ್ ಕಟ್ಟೂ ಟೈಮಿನ್ಯಾಗ ವಾಯರಿಂಗ್ ಮಾಡಿದ ಹುಡುಗರು ಹತ್ರ ಸಿಕ್ಕ ಕಾಮನ್ ಲೈನಿಗೆ ಜೋಡಿಸಿ ಹೋಗಿದ್ರು. ಕರಾರಿನ್ಯಾಗ ಕರೆಂಟ್ ಖರ್ಚು ಬಾಡಿಗಿದಾರರದ್ದು ಅಂತ ಸಾಫ್ ಐತಿ. ಏಳು ವರ್ಷ ಸೊಸೈಟಿ ತುಂಬೈತಿ. ಅದಕ್ಕ ಹೆಚ್ಚಾಗಿ, ಆ ಎರಡು ಎಸಿ ಪಾಳಿ ಮ್ಯಾಲ ಓಡಬೇಕು, ಒಂದು ನಾಕು ತಾಸು, ಇನ್ನೊಂದು ನಾಕು ತಾಸು, ಅದಕ್ಕಂತ ಟೈಮರ್ ಕೊಟ್ಟಿರ್ತಾರ. ಟೈಮರ್ ಕೆಟ್ಟು ಎರಡೂ ಕೂಡೇ ಓಡಾಕ ಹತ್ತಿದ್ವು.

ಸಬ್‌ಮೀಟರ್ ಹಾಕಿದ್ವಿ, ಟೈಮರ್ ಬದಲಿ ಮಾಡಿದ್ವಿ, ಎಸಿ ಖರ್ಚು ದಿನಕ್ಕ 14 ಯುನಿಟ್ಟಿಗೆ ಇಳೀತು. ಇಲ್ಲೆ ಮ್ಯಾನೇಜರ್ ಸಾಹೇಬ್ರು, ಇನ್ನ ಆ ಯುನಿಟ್ ನಮ್ಮ ಲೆಕ್ಕದಿಂದ ತಗೀಬಹುದಲ್ರಿ ಅಂದ್ರು. ತಗ್ಯಾಕ ಬರಂಗಿಲ್ಲ. ರೊಕ್ಕಾ ಬ್ಯಾಂಕಿಂದು ಆತು, ಎಟಿಎಂ ಖೋಲಿ ಮಾತ್ರ ಇದೇ ಬಿಲ್ಡಿಂಗಿನ ಒಳಗೈತಿ. ಉಳದದ್ದು ಟೈಮರ್ ಉಳಿಸಿದ್ದು ಅಷ್ಟ, ವರ್ಷಕ್ಕ 3,300 ಯುನಿಟ್ಟಿನಷ್ಟು. ಇದನ್ನ ತಿಳಿಸಿ ಹೇಳಾಕ ಅರ್ಧಾ ತಾಸು ಬೇಕಾತು, ಆಮ್ಯಾಲ ಅವ್ರೇ ಎಲ್ಲಾರಿಗೂ ಹೇಳಾಕ ಶುರು ಮಾಡಿದ್ರು.

ಸೊಸೈಟಿ ಮೀಟರಿನ ರಾತ್ರಿ 11 ಯುನಿಟ್ ಎಲ್ಲೆ ಅಂದ್ರ, ಸರ್ವರ್ ಖೋಲಿ ಎಸಿ 18ಕ್ಕ ಇಟ್ಟಿದ್ರು, ಹೊರಗಿನ ಗ್ಲೋಸೈನ್ ಬೋರ್ಡ್ ಬೆಳಕು ಹರಿಯೂ ತನಕ ಉರೀತಿತ್ತು, ಕುಡಿಯೂ ನೀರಿನ ಕೂಲರ್ ರಾತ್ರಿ ಪೂರ್ತಿ ನೀರು ತಣ್ಣಗ ಮಾಡ್ಕೋತ ಕುಂತಿರ್ತಿತ್ತು. 2020ರ ಜನವರಿಯಿಂದ ಸ್ಟಾರ್ ಇರೋ ರೂಮ್ ಎಸಿಗಳು ಫ್ಯಾಕ್ಟರಿಯಿಂದಾನ 24 ಡಿಗ್ರಿ ಸೆಟ್ಟಿಂಗ್ ಜೋಡಿ ಬರಬೇಕು ಅಂತ ನಿಯಮ ಐತಿ, ಇದು ಅದಕ್ಕಿಂತ ಹಳೇ ಎಸಿ, ಯಾರೋ 18 ಮಾಡಿ ರಿಮೋಟ್ ಡ್ರಾಯರಿನ್ಯಾಗ ಹಾಕಿ ಕೀಲಿ ಹಾಕಿದ್ರು. 25 ಮಾಡಿದ್ವಿ, ಸರ್ವರಿಗೆ ಏನೂ ಆಗಲಿಲ್ಲ.

ಹಗಲಿನ ಖರ್ಚಿನ ಕಥಿ ಬ್ಯಾರೆ, ಅದು ಬಿಸಿಲಿಂದು. ಗಾಜಿನ ಒಳಗ ಸೊಸೈಟಿಯವ್ರು ದಪ್ಪ ಪಡದೆ ಹಾಕಿದ್ರು, ಆದ್ರೂ ಎಸಿ ಸೋಲ್ತಿತ್ತು. ಗಾಜು ದಾಟಿ ಬಂದ ಬಿಸಿಲು ಪಡದೆಗೆ ಬಡದ್ರ ಪಡದೆ ಕಾಯ್ತೈತಿ, ಆ ಕಾವು ಖೋಲಿ ಒಳಗ ಉಳೀತೈತಿ. ತಡಿಯೂದು ಗಾಜಿನ ಹೊರಗ ತಡೀಬೇಕು. ನಮ್ಮ ಹಿರಿಯರು ಬಾಗಲ ಮುಂದ ಚಪ್ಪರ ಹಾಕಿದ್ದು, ಕಟ್ಟಿ ಮ್ಯಾಲ ಹಂಚಿನ ಇಳಿಜಾರು ಬಿಟ್ಟಿದ್ದು ಇದಕ್ಕ. ಗದಗ, ರೋಣದ ಕಡೆ ಮಣ್ಣಿನ ಮೇಲ್ಮುದ್ದಿ ಮನಿಯೊಳಗ ಮೇ ತಿಂಗಳ ಮಧ್ಯಾಹ್ನ ಮಲಗಿದಾವ್ರಿಗೆ ಗೊತ್ತೈತಿ, ಫ್ಯಾನ್ ಇಲ್ಲದ ನಿದ್ದಿ ಬರ್ತಿತ್ತು. ದಪ್ಪ ಮಣ್ಣು ಕಾವನ್ನ ಸಂಜಿತನಕ ತಡದು ಹಿಡೀತಿತ್ತು. ಈಗ ಮ್ಯಾಲ ಬರೀ ಐದಿಂಚಿನ ಕಾಂಕ್ರೀಟ್ ಸ್ಲ್ಯಾಬ್. ಮನಿಗಳಿಗಂತ 2018ರ ಡಿಸೆಂಬರ್‌ನ್ಯಾಗ ಬಿಇಇ ತಂದ ಇಕೋ ನಿವಾಸ್ ಸಂಹಿತಾದಾಗ ಛಾವಣಿಯಿಂದ ಕಾವು ಇಳಿಯೂದಕ್ಕ ಒಂದ್ ಮಿತಿ ಐತಿ, ಯು-ವ್ಯಾಲ್ಯೂ ಅಂತಾರ, 1.2 ದಾಟಬಾರ್ದು. ಬರೀ ಸ್ಲ್ಯಾಬಿಂದು 3ರ ಮ್ಯಾಲ ಇರ್ತೈತಿ. ಅದು ಮನಿಗೆ ಮಾಡಿದ ನಿಯಮ ಖರೆ, ಆದ್ರ ಬಿಸಿಲಿಗೆ ಕೆಳಗ ಕುಂತಾವ್ರು ಮನಿಯವ್ರೋ ಕೋಚಿಂಗ್ ಹುಡುಗರೋ ಗೊತ್ತಾಗಂಗಿಲ್ಲ. ಏಪ್ರಿಲ್ ಕೊನೀ ವಾರ ಮಧ್ಯಾಹ್ನ ಮೂರಕ್ಕ ಎರಡನೇ ಅಂತಸ್ತಿನ ಛತ್ತಿನ ಕೆಳಮೈ ಅಳದ್ವಿ, 44 ಡಿಗ್ರಿ. ಅದರ ಕೆಳಗ ಅರವತ್ತು ಹುಡುಗರು ಕುಂತು ಗಣಿತ ಮಾಡ್ತಾರ.

ಇಷ್ಟರಾಗ ಇನ್ನೊಂದ್ ಆತು. ಸ್ಟಾರಿನ ಸುದ್ದಿ ಹೆಂಗೋ ಹೊರಗ ಹೋಗಿ, ಸ್ಮಾರ್ಟ್ ಬಿಲ್ಡಿಂಗ್ ಮಾಡಿ ಕೊಡೂ ಒಂದು ಏಜೆನ್ಸಿಯವ್ರು ಬಂದ್ರು. 4,80,000 ರೂಪಾಯಿ ಕೊಟೇಶನ್. ಮೊಬೈಲಿಂದ ಹಚ್ಚೂ ಸ್ವಿಚ್ಚು, ಸೆನ್ಸರು, ಎಸಿ ರಿಮೋಟಿನ ಬದಲಿ ಆ್ಯಪು, ಟಿವಿ ಮ್ಯಾಲ ಗ್ರಾಫು. ಇದನ್ನ ಹಾಕಿಸಿದ್ರ ಯುರೋಪಿನ ಸ್ಮಾರ್ಟ್ ರೆಡಿನೆಸ್ ರೇಟಿಂಗಿಗೂ ನಿಮ್ಮ ಬಿಲ್ಡಿಂಗ್ ತಯಾರಾಗ್ತೈತಿ ಅಂದ್ರು. ಹುಡುಗರು ಒಳ್ಳೇವ್ರು, ಕೆಲಸಾನೂ ಗೊತ್ತಿತ್ತು. ಆದ್ರ ಆ ಶಬ್ದ ಎಲ್ಲಾರನೂ ಗೊಂದಲಕ್ಕ ಹಾಕ್ತು, ಮುಂದಿನ ಮೀಟಿಂಗಿನ್ಯಾಗ ಅದನ್ನ ಬಿಡಿಸಿ ಹೇಳೂ ಪಾಳಿ ನನಗ ಬಂತು.

ಯುರೋಪಿನ್ಯಾಗ ಎರಡು ಬ್ಯಾರೆ ಬ್ಯಾರೆ ಕಾಗದ ಅದಾವು. ಒಂದು ಎನರ್ಜಿ ಪರ್ಫಾರ್ಮೆನ್ಸ್ ಸರ್ಟಿಫಿಕೇಟ್. ಮನಿ ಮಾರಬೇಕಂದ್ರ, ಬಾಡಿಗಿ ಕೊಡಬೇಕಂದ್ರ ಅದು ಬೇಕು, ಎ ಇಂದ ಜಿ ತನಕ ದರ್ಜೆ, ಜಾಹೀರಾತಿನ್ಯಾಗೂ ಆ ದರ್ಜೆ ಹಾಕಬೇಕು, ಹತ್ತು ವರ್ಷಕ್ಕ ಹಳೇದಾಗ್ತೈತಿ. 2002ರ ಕಾನೂನಿಂದ ಶುರುವಾತು, 2010ರಾಗ ಮತ್ತ 2024ರಾಗ ಹೊಸದಾಗಿ ಬರದ್ರು. ಇನ್ನೊಂದು ಸ್ಮಾರ್ಟ್ ರೆಡಿನೆಸ್ ಇಂಡಿಕೇಟರ್, ಇದು ಬಂದಿದ್ದು 2018ರ ತಿದ್ದುಪಡಿಯೊಳಗ, ಲೆಕ್ಕ ಮಾಡೂ ರೀತಿ 2020ರಾಗ ಬಂತು. ಇದು ಎಷ್ಟು ಯುನಿಟ್ ಸುಟ್ಟೀರಿ ಅಂತ ಕೇಳಂಗಿಲ್ಲ. ಮೂರು ಸಂಗತಿ ಕೇಳ್ತೈತಿ: ಬಿಲ್ಡಿಂಗು ತನ್ನ ಖರ್ಚನ್ನ ತಾನ ಸಂಭಾಳಿಸ್ತೈತಿ ಏನು, ಒಳಗಿನ ಮಂದಿಗೆ ಬೇಕಾದಂಗ ಹೊಂದಿಕೋತೈತಿ ಏನು, ಹೊರಗಿನ ಗ್ರಿಡ್ಡಿನ ಮ್ಯಾಲ ಭಾರ ಬಿದ್ದಾಗ ತನ್ನ ಬಳಕಿ ಹಿಂದ ಮುಂದ ಮಾಡ್ಕೊಳ್ತೈತಿ ಏನು. ಇದಕ್ಕ ಒಂಬತ್ತು ವಿಭಾಗ ನೋಡ್ತಾರ, ಹೀಟಿಂಗ್, ಕೂಲಿಂಗ್, ಬಿಸಿನೀರು, ವೆಂಟಿಲೇಶನ್, ಲೈಟು, ಬಿಸಿಲಿಗೆ ತಕ್ಕಂಗ ಬದಲಾಗೂ ಕಿಡಕಿ-ಪಡದೆ, ವಿದ್ಯುತ್, ಇವಿ ಚಾರ್ಜಿಂಗ್, ಮತ್ತ ಇವೆಲ್ಲಾದರ ಮ್ಯಾಲ ಕಣ್ಣಿಡೂ ವ್ಯವಸ್ಥಾ. ಒಂದೊಂದು ಸೇವೆಗೆ ಸೊನ್ನಿಯಿಂದ ಮ್ಯಾಲ ಮಟ್ಟ ಕೊಡ್ತಾರ. ಲೈಟಿಂದು ಹೇಳ್ತೀನಿ: ಕೈಲೆ ಹಚ್ಚಿ ಕೈಲೆ ಆರಿಸೂದು ಸೊನ್ನಿ ಮಟ್ಟ, ಒಂದು ಹೊತ್ತಿಗೆ ಎಲ್ಲಾ ಒಮ್ಮೆಲೆ ಆರೂದು ಅದರ ಮ್ಯಾಲಿಂದು, ಮನಷ್ಯಾ ಅದಾನೋ ಇಲ್ಲೋ ಅಂತ ನೋಡಿ ತಾನ ಆರೂದು ಇನ್ನೂ ಮ್ಯಾಲಿಂದು. 2024ರ ಕಾನೂನಿನ್ಯಾಗ 290 ಕಿಲೋವ್ಯಾಟ್ ಮ್ಯಾಲಿನ ಹೀಟಿಂಗ್-ಕೂಲಿಂಗ್ ವ್ಯವಸ್ಥಾ ಇರೋ, ಮಂದಿ ವಾಸ ಮಾಡದ ದೊಡ್ಡ ಕಟ್ಟಡಗಳಿಗೆ ಇದನ್ನ ಹಚ್ಚೂ ದಾರಿ ಹಾಕ್ಯಾರ.

ಅಂದ್ರ ಸೆನ್ಸರ್ ಎಷ್ಟು ಹಾಕೀರಿ ಅಂತ ಎಣಸೂ ರೇಟಿಂಗ್ ಅದಲ್ಲ. ಸೆನ್ಸರ್ ನೋಡಿದ್ದಕ್ಕ ಬಿಲ್ಡಿಂಗ್ ಏನು ಮಾಡ್ತೈತಿ ಅನ್ನೂದು ನೋಡ್ತಾರ. ನಮ್ಮ ದೇಶದಾಗ ಆ ಕಾಗದ ಕೊಡಾವ್ರು ಯಾರೂ ಇಲ್ಲ, ಅದರ ತೂಕ ಹಾಕಿದ್ದೂ ಯುರೋಪಿನ ಚಳಿಗೆ ಬಿಸಿಲಿಗೆ, ಹೀಟಿಂಗಿಗೆ ದೊಡ್ಡ ಪಾಲು ಹೋಗ್ತೈತಿ. ಹಂಗಾಗಿ ನಾ ಸೊಸೈಟಿಗೆ ಅಂಕ ಹಾಕಿ ಕೊಡಲಿಲ್ಲ. ಆದ್ರ ಆ ಒಂಬತ್ತು ವಿಭಾಗದ ಪಟ್ಟಿ ಹಿಡ್ಕೊಂಡು ಬಿಲ್ಡಿಂಗ್ ಪೂರ್ತಿ ಅಡ್ಡಾಡಿದ್ವಿ, ಅಧ್ಯಕ್ಷರೂ ಲಿಫ್ಟ್ ಬಿಟ್ಟು ಮೆಟ್ಲ ಹತ್ತಿ ನಮ್ಮ ಜೋಡಿ ಬಂದ್ರು. ಹೀಟಿಂಗ್ ಇಲ್ಲ, ಬಿಸಿನೀರು ಇಲ್ಲ, ಅವು ಬಿಟ್ವು. ಎಸಿ ಒಂಬತ್ತು, ಒಂದಕ್ಕೊಂದು ಸಂಬಂಧ ಇಲ್ಲ, ಕಿಡಕಿ ತಗದ್ರೂ ಎಸಿ ಓಡ್ತೈತಿ. ಲೈಟ್ ಎಲ್ಲಾ ಕೈಲೆ. ಬೇಸ್‌ಮೆಂಟಿನ್ಯಾಗ ಇವಿ ಸ್ಕೂಟರಿಗೆ ಎರಡು ಸಾಕೆಟ್, ಎಲ್ಲಾರೂ ಮುಂಜಾನೆ ಹತ್ತಕ್ಕ ಬಂದು ಹಚ್ಚಿ ಸಂಜಿಗೆ ತಗೀತಾರ, ಯಾವ ಹೊತ್ತಿಗೆ ಚಾರ್ಜ್ ಮಾಡಬೇಕು ಅನ್ನೂದಕ್ಕ ಏನೂ ಇಲ್ಲ. ಕಣ್ಣಿಡೂ ವ್ಯವಸ್ಥಾ ಅಂದ್ರ ಕಾಕಾನ ನೋಟ್‌ಬುಕ್ಕು. ಆ ನೋಟ್‌ಬುಕ್ ಆ ಏಳು ವರ್ಷದಾಗ ಯಾರಿಗೂ ಕಾಣದ ಎಟಿಎಂ ಎಸಿ ಹಿಡೀತು, ಯಾಕಂದ್ರ ಅದನ್ನ ಒಬ್ರು ಬರದ್ರು, ಇನ್ನೊಬ್ರು ಓದಿದ್ರು. ಟಿವಿ ಮ್ಯಾಲಿನ ಗ್ರಾಫಿಗೂ ಅದೇ ಬೇಕು, ನೋಡಾವ್ರು ಇರಬೇಕು, ನೋಡಿ ಎಂಸಿಬಿ ಇಳಿಸೂ ಅಧಿಕಾರ ಅವ್ರಿಗಿರಬೇಕು. ಆ ಕೊಟೇಶನ್ನಿನ್ಯಾಗಿಂದ ಮೂರು ಸಂಗತಿ ಅಷ್ಟ ತಗೊಂಡ್ವಿ: ಮೂರೂ ಲೈನಿಗೆ ಡಿಜಿಟಲ್ ಎನರ್ಜಿ ಮೀಟರ್, ಗ್ಲೋಸೈನ್ ಬೋರ್ಡಿಗೆ ಮತ್ತ ನೀರಿನ ಕೂಲರಿಗೆ ಟೈಮರ್, ಮೆಟ್ಲಕ್ಕ ಸೆನ್ಸರ್ ಲೈಟ್. ಉಳದ ರೊಕ್ಕಾ ಗಾಜಿಗೆ, ಛತ್ತಿಗೆ, ಫ್ಯಾನಿಗೆ ಹೋತು.

ಮಾಡಿದ ಕೆಲಸ ಹೇಳೂದಾದ್ರ, ಹಳೇ ಚೋಕಿನ ಟ್ಯೂಬ್ 96, ಒಂದೊಂದು ಚೋಕ್ ಹಿಡದು 50 ವ್ಯಾಟ್ ಹತ್ರ ತಿಂತಿತ್ತು, ಅವನ್ನ 20 ವ್ಯಾಟಿನ ಎಲ್‌ಇಡಿ ಮಾಡಿದ್ವಿ. ಫ್ಯಾನ್ 42, 75 ವ್ಯಾಟಿನವು, ಅವುಗಳ ಬದಲಿ ಕಡಿಮಿ ಕರೆಂಟ್ ತಿನ್ನೂ ಬಿಎಲ್‌ಡಿಸಿ ಮೋಟಾರಿನ ಫ್ಯಾನ್ ಹಾಕಿದ್ವಿ, 30 ವ್ಯಾಟ್. ಪಶ್ಚಿಮದ ಗಾಜಿಗೆ ನೆಲ ಮತ್ತ ಮೊದಲನೇ ಅಂತಸ್ತಿಗೆ ಹೊರಗ ಅಲ್ಯುಮಿನಿಯಂ ಲೂವರ್, ಅಂದ್ರ ಬಿಸಿಲು ತಡಿಯೂ ಓರೆ ಪಟ್ಟಿಗಳು. ಛತ್ತಿಗೆ ಬಿಳೀ ಕೂಲ್ ರೂಫ್ ಪೇಂಟ್ ಎರಡು ಕೋಟ್. ಒಟ್ಟು 3,45,000ದ ಹತ್ರ ಖರ್ಚು ಬಂತು. 2024ರ ಸೆಪ್ಟೆಂಬರಿಗೆ ಮುಗೀತು, ಅಕ್ಟೋಬರಿಂದ ಹೊಸ ಲೆಕ್ಕ ಶುರು, 2025ರ ಸೆಪ್ಟೆಂಬರ್ ತನಕ ಹನ್ನೆರಡು ತಿಂಗಳು. ನಡು ಬಿಸಿಲಿನ್ಯಾಗ ಏಪ್ರಿಲಿಗೆ ಹೋಗಿ ಅದೇ ಜಾಗಾ, ಅದೇ ಮೂರರ ಹೊತ್ತಿಗೆ ಛತ್ತಿನ ಕೆಳಮೈ ಅಳದ್ವಿ, 37. ಕ್ಯಾಶಿಯರ್ ಅಕ್ಕಾರು ಈಗ ಕುರ್ಚಿ ಸರಸಂಗಿಲ್ಲ.

ಸೊಸೈಟಿ ಮೀಟರ್ 30,100, ಕೋಚಿಂಗ್ 13,700, ಕಾಮನ್ 8,600, ಜನರೇಟರ್ 1,700. ಒಟ್ಟು 54,100, ಭಾಗಿಸು 960, 56.4. ಮಿಶ್ರ ಮತ್ತ ಬಿಸಿ-ತೇವ ಕೋಷ್ಟಕದಾಗ ಮೂರು ಸ್ಟಾರ್, ಬಿಸಿ-ಒಣದ್ದರಾಗ ಎರಡು. ಉಳದದ್ದು 15,400 ಯುನಿಟ್, 22 ಪರ್ಸೆಂಟ್. ಇದರಾಗ ಎಟಿಎಂದು ಅಳದು ಹೇಳಬಹುದು, ಲೂವರಿಂದ ಎಷ್ಟು, ಫ್ಯಾನಿಂದ ಎಷ್ಟು ಅಂತ ಬಿಡಿಸಿ ಹೇಳಾಕ ಬರಂಗಿಲ್ಲ, ಎಲ್ಲಾ ಒಂದ ಮೀಟರಿನ ಹಿಂದ ಅದಾವು. ಬಿಡಿಸಿ ಹೇಳಾವ್ರನ್ನ ಕಂಡ್ರ ಅವ್ರು ಎಲ್ಲೆ ಮೀಟರ್ ಹಾಕಿದ್ರು ಅಂತ ಕೇಳ್ರಿ.

ಡೈರೆಕ್ಟರೊಬ್ರು ಸೋಲಾರ್ ಹಾಕಿದ್ರ ಐದು ಬರ್ತಿತ್ತಲ್ಲ ಅಂದ್ರು. ಸೋಲಾರ್ ಹಾಕ್ರಿ, ನಮ್ಮ ಕಡೆ ಒಂದ್ ಕಿಲೋವ್ಯಾಟಿಗೆ ದಿನಕ್ಕ ನಾಕು ಯುನಿಟ್ ಸುಮಾರು ಬರ್ತೈತಿ, ಬಿಲ್ಲು ಇಳೀತೈತಿ. ಆದ್ರ ಮೊದಲ ತೂತು ಮುಚ್ಚಿ ಆಮ್ಯಾಲ ಕೊಡಾ ತುಂಬಿಸೂದು ಚಲೋ ಅಂತ ನಾ ಹೇಳಿದೆ, 70,000 ಯುನಿಟ್ಟಿಗೆ ಬೇಕಾಗೂ ಪ್ಯಾನೆಲ್ಲು 54,000ಕ್ಕ ಬ್ಯಾಡ. ಮುಂದಿನ ವರ್ಷದ ಬಜೆಟ್ಟಿನ್ಯಾಗ 10 ಕಿಲೋವ್ಯಾಟ್ ಇಟ್ಟಾರ.

ಬಾಗಲ ಮುಂದ ಸ್ಟಾರಿನ ಬೋರ್ಡ್ ಹಾಕಿಲ್ಲ. ಠೇವಣಿ ಬಡ್ಡಿ ದರ ಬರಿಯೂ ಬೋರ್ಡಿನ ಬಾಜೂಕ ಒಂದ್ ಹಾಳಿ ಅಂಟಿಸ್ಯಾರ, ಮೂರೂ ಆರ್‌ಆರ್ ನಂಬರಿನ ತಿಂಗಳ ಯುನಿಟ್ಟು, ಜನರೇಟರ್ ಡೀಸೆಲ್ಲು, 960 ಚದರ ಮೀಟರ್, ಕೆಳಗ 72.4 ಮತ್ತ 56.4. ಅದನ್ನ ಓದಿ ಒಬ್ಬ ಸದಸ್ಯರು, ದುರ್ಗದಬೈಲಿನ್ಯಾಗ ಅಂಗಡಿ ಇಟ್ಟಾವ್ರು, ತಮ್ಮ ಅಂಗಡಿ ಬಿಲ್ ತಂದು ಕೌಂಟರಿನ್ಯಾಗ ತೋರಿಸಿ ನಮ್ದೆಷ್ಟು ಬರ್ತೈತ್ರಿ ಅಂತ ಕೇಳಿದ್ರಂತ.

ಬಾಕಿ ಉಳದದ್ದು ಎರಡನೇ ಅಂತಸ್ತು. ಅಲ್ಲೆ ಗಾಜಿಗೆ ಲೂವರ್ ಇಲ್ಲ. ಹಾಕೂ ಖರ್ಚು ಮಾಲೀಕರಂತ ಸೊಸೈಟಿದು, ಉಳಿಯೂ ಕರೆಂಟು ಬಾಡಿಗಿದಾರರಂತ ಕೋಚಿಂಗ್‌ನವ್ರದು, ಹಂಗಾಗಿ ಇಬ್ರೂ ಒಬ್ರ ಮಾರಿ ಒಬ್ರು ನೋಡ್ಕೋತ ಕುಂತಾರ. ಛತ್ತಿನ ಪೇಂಟ್ ಸೊಸೈಟಿ ರೊಕ್ಕದಾಗ ಆತು, ಅದರ ತಂಪು ಮೊದಲ ಸಿಕ್ಕಿದ್ದು ಆ ಹುಡುಗರಿಗೆ, ಅದಕ್ಕ ಅಧ್ಯಕ್ಷರು ಒಂದ್ ಮಾತೂ ಆಡಲಿಲ್ಲ. ಲೂವರಿಗೆ ಮಾತ್ರ ಕರಾರು ಬೇಕು ಅಂದಾರ. ಜೂನಿನ್ಯಾಗ ಬಾಡಿಗಿ ಕರಾರು ಹೊಸದು ಮಾಡೂದೈತಿ. ಲೂವರ್ ಸೊಸೈಟಿ ಹಾಕಬೇಕು, ಹಾಕೂ ಮೊದಲಿನ ವರ್ಷದ ಯುನಿಟ್ಟಿಗೆ ಹೋಲಿಸಿ ಎಷ್ಟು ಕಡಿಮಿ ಆಗ್ತೈತೋ ಅದರ ಅರ್ಧಾ ರೊಕ್ಕಾ ಮೂರು ವರ್ಷ ಬಾಡಿಗಿ ಜೋಡಿ ಬರಬೇಕು, ಬ್ಯಾಚ್ ಹೆಚ್ಚಿಗಿ ಆದ್ರ ತಾಸಿನ ಲೆಕ್ಕದಾಗ ಸರಿ ಮಾಡ್ಕೋಬೇಕು ಅಂತ ಒಂದ್ ಕಲಮು ಬರದು ಕೊಟ್ಟೀನಿ. ಕೋಚಿಂಗ್ ಸರ್ ಓದಿ, ಮೂರರ ಬದಲಿ ಎರಡು ವರ್ಷ ಮಾಡ್ರಿ ಅಂತ ಹೇಳಿ ಕಳಿಸ್ಯಾರ.